ಬಚ್ಚಲ ಹಿಂದಿನ ಸಾಲು

ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ಚರ ಆಸ್ತಿಯೋ ಸ್ಥಿರ ಆಸ್ತಿಯೋ ಎಂದು ಲಾಯರು ಕೇಳಿದರು. ಶೆಟ್ಟಿಕೆರೆಗೆ ಹತ್ತಿರದ ತೋಟದ ಮನೆ ಅದು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಿದ್ದೆವು. ಗೋಡೆಗೆ ಒರಗಿ ನನ್ನ ಭಾವ, ಅವರ ಪಕ್ಕದಲ್ಲಿ ಅವರ ದೊಡ್ಡಪ್ಪ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ತಿಪಟೂರಿನಿಂದ ಬಂದ ಲಾಯರು, ಎದುರಿಗೆ ನಾನು. ನನ್ನ ಅಕ್ಕ ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಅಕ್ಕನೂ ಭಾವನೂ ಒಪ್ಪಿಕೊಂಡೇ ಬೇರೆಯಾಗುತ್ತಿದ್ದರು. ಕೋರ್ಟಿಗೆ ಅರ್ಜಿ ಹಾಕುವ ಮೊದಲು ಆಸ್ತಿ ಏನಿದೆ, ಸಾಲ ಏನಿದೆ, ಯಾವುದು ಯಾರ ಪಾಲಿಗೆ ಎಂಬುದು ಮನೆಯಲ್ಲೇ ತೀರ್ಮಾನವಾಗಬೇಕಿತ್ತು.

“ಗಿಡದ ಮೇಲಿದ್ರೆ ಸ್ಥಿರ, ಕಿತ್ತು ಕೆಳಗೆ ಹಾಕಿದ್ರೆ ಚರ. ಇದು ಅಟ್ಟದ ಮೇಲೈತೆ ಅಂತೀರಿ. ಏನಂತ ಬರೀಲಿ?” ಎಂದರು ಲಾಯರು.

“ಕಾಯಿ ಅಟ್ಟಕ್ಕೆ ಹತ್ತಿದ ಮೇಲೆ ಕೊಬ್ಬರಿ ಆಗೋಗಂಟ ಒಂದು ವರ್ಸ ಅದನ್ನ ಯಾರೂ ಮುಟ್ಟಂಗಿಲ್ಲ ಕಣ್ರೀ,” ಎಂದರು ದೊಡ್ಡಪ್ಪ. “ಅಲ್ಲಾಡದೆ ಬಿದ್ದಿರೋದನ್ನ ಚರ ಅಂತ ಹೆಂಗೆ ಬರೀತೀರಿ? ನಾನೂ ಹಂಗೇ ಬಿದ್ದಿದ್ದೀನಿ. ನನ್ನನ್ನೂ ಸ್ಥಿರಾಸ್ತಿಗೆ ಸೇರಿಸಿ ಯಾರಿಗಾದ್ರೂ ಹಂಚಿಬುಡಿ.”

“ನಿಮ್ಮನ್ನ ಸಾಲದ ಕಡೆ ಬರ್ಕೋತೀನಿ ಯಜಮಾನ್ರೇ.”

ಎಲ್ಲರೂ ನಕ್ಕೆವು. ನಗುತ್ತಲೇ ನಾನು ಗಮನಿಸಿದೆ. ಅಕ್ಕನೂ ಭಾವನೂ ಒಂದೇ ಗಳಿಗೆಗೆ ನಗಲು ಶುರುಮಾಡಿ ಒಂದೇ ಗಳಿಗೆಗೆ ನಿಲ್ಲಿಸಿದ್ದರು. ಒಂದೇ ಮಾತಿಗೆ ಹೀಗೆ ಒಟ್ಟಿಗೆ ನಗುವವರು ಯಾಕೆ ಬೇರೆಯಾಗುತ್ತಿದ್ದಾರೆ ಎಂಬುದು ಆವತ್ತು ನನಗೆ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ಊರವರು ಕಾರಣ ಹುಡುಕಿದರು. ಭಾವ ಕುಡಿಯುತ್ತಿರಲಿಲ್ಲ. ತುರುವೇಕೆರೆ ಕಡೆ ಇನ್ನೊಂದು ಸಂಸಾರ ಇದೆಯಂತೆ ಎಂದು ಯಾರೋ ಹಬ್ಬಿಸಿದರು, ಅದೂ ಸುಳ್ಳಾಯಿತು. ನಾನು ಅಕ್ಕನನ್ನು ನೇರವಾಗಿ ಕೇಳಿದ್ದೆ. ಅವಳು ರಾಗಿ ಕೇರುತ್ತಿದ್ದಳು. “ನಾಲ್ಕು ವರ್ಸದಿಂದ ನಾವು ಮಗಳ ಕೈಲಿ ಹೇಳಿ ಕಳಿಸ್ಕೊಂಡು ಮಾತಾಡ್ತಿದ್ದೀವಿ ಕಣ್ಲಾ. ‘ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೇಳು’, ‘ನಿಮ್ಮವ್ವಂಗೆ ಹಸಕ್ಕೆ ಹುಲ್ಲು ಹಾಕಕ್ಕೇಳು’. ಆ ಕೂಸು ಇನ್ನೆಷ್ಟು ದಿನ ಓಡಾಡಿ ಸಾಯ್ಬೇಕು?” ಎಂದಳು. ಮೊದಲ ಸಲ ಮಾತು ನಿಂತದ್ದು ಯಾವುದಕ್ಕೆ ಎಂದು ಕೇಳಿದೆ. ಮೊರವನ್ನು ಒಂದು ಸಲ ಕೊಡವಿ, “ನೆಪ್ಪಿಲ್ಲ” ಎಂದಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಅಕ್ಕನ ಕಡೆಯಿಂದ ಮಾತಾಡಲು ಇದ್ದವನು ನಾನೊಬ್ಬನೇ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚಿಕ್ಕನಾಯಕನಹಳ್ಳಿಯಲ್ಲಿ ಲಗೇಜ್ ಆಟೋ ಇಟ್ಟುಕೊಂಡು ಹಳ್ಳಿಗಳಿಂದ ತಿಪಟೂರಿನ ಮಂಡಿಗೆ ಕೊಬ್ಬರಿ ಚೀಲ ಸಾಗಿಸುತ್ತಿದ್ದೆ. ಮಂಡಿಯವರ ಜೊತೆ ದಿನಾ ಬಾಯಿ ಮಾಡಿ ಅಭ್ಯಾಸವಿತ್ತು. ಹಾಗಾಗಿ ಮಾತುಕತೆಗೆ ನಾನೇ ಸರಿ ಎಂದು ಅಕ್ಕ ಅಂದುಕೊಂಡಳು. ನಾನೂ ಅಂದುಕೊಂಡೆ.

ಆ ಆಟೋದ ವಿಷಯ ಇಲ್ಲೇ ಹೇಳಿಬಿಡಬೇಕು. ಮೊದಲು ನಾನು ಬೇರೊಬ್ಬರ ಗಾಡಿ ಓಡಿಸುತ್ತಿದ್ದೆ. ಅವರು ಅದನ್ನು ಮಾರಲು ಹೊರಟಾಗ ನನಗೆ ಆಸೆಯಾಯಿತು, ಕೈಯಲ್ಲಿ ಕಾಸಿರಲಿಲ್ಲ. ಒಂದು ದಿನ ಅಕ್ಕನ ಮನೆಯಲ್ಲಿ ಊಟ ಮಾಡುವಾಗ, ಗಾಡಿ ಮಾರುತ್ತಾರಂತೆ, ಕೊಳ್ಳುವವರು ಅದೃಷ್ಟವಂತರು ಎಂದು ಸುಮ್ಮನೆ ಮಾತಿಗೆ ಹೇಳಿದ್ದೆ. ಕೆಲವು ದಿನದ ಮೇಲೆ ಭಾವ ಚಿಕ್ಕನಾಯಕನಹಳ್ಳಿಗೆ ಬಂದು, “ಬಾರ್ಲಾ” ಎಂದು ನನ್ನನ್ನು ತಿಪಟೂರಿಗೆ ಕರೆದುಕೊಂಡು ಹೋದರು. ತಾವು ಕೊಬ್ಬರಿ ಹಾಕುವ ಮಂಡಿಯಲ್ಲಿ ಅಟ್ಟದ ಮೇಲಿದ್ದ ಕಾಯಿಯ ಲೆಕ್ಕದಲ್ಲಿ ಮುಂಗಡ ಎತ್ತಿ ನನ್ನ ಕೈಗೆ ಕೊಟ್ಟರು. ಸಾಲ ಅವರ ಹೆಸರಿಗೆ, ದುಡ್ಡು ನನ್ನ ಜೇಬಿಗೆ. ನಾನು ಕೇಳಿಕೊಂಡದ್ದು ಒಂದೇ. “ಅಕ್ಕನಿಗೆ ಹೇಳ್ಬೇಡಿ ಭಾವ.” ತಮ್ಮ ಬಂದು ಗಂಡನ ಮನೆಯಲ್ಲಿ ಕೈಯೊಡ್ಡಿದ ಎಂಬುದು ಅವಳ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು. ಅವರು, “ಆಯ್ತು ಬುಡು,” ಎಂದರು.

ವರ್ಷದೊಳಗೆ ತೀರಿಸುತ್ತೇನೆ ಎಂದಿದ್ದೆ. ಅಷ್ಟರಲ್ಲಿ ನಮ್ಮ ಕಡೆ ತೆಂಗಿಗೆ ನುಸಿ ಬಂತು. ಕಾಯಿ ಸಿಪ್ಪೆಯ ಮೇಲೆ ಕಂದು ಬಿರುಕು ಬಿಟ್ಟು, ಗಾತ್ರ ಸುರುಟಿಕೊಂಡು, ಕೊಬ್ಬರಿ ಕಡಿಮೆಯಾಯಿತು. ಕೊಬ್ಬರಿ ಕಡಿಮೆಯಾದರೆ ನನಗೆ ಬಾಡಿಗೆಯೂ ಕಡಿಮೆ. ನಾನು ಒಂದು ಕಾಸನ್ನೂ ಹಿಂದಕ್ಕೆ ಕೊಡಲಿಲ್ಲ, ಭಾವ ಒಂದು ಸಲವೂ ಕೇಳಲಿಲ್ಲ. ಮಂಡಿಯಲ್ಲಿ ಬಡ್ಡಿ ಬೆಳೆಯುತ್ತಿತ್ತು. ಹಾಗಿರುವಾಗ ಈ ಬಿಡುಗಡೆಯ ಮಾತು ಬಂತು.

ಲಾಯರು ಮೊದಲ ದಿನ ಬಂದು ಹೋದ ಮೇಲೆ ಉಳಿದದ್ದನ್ನೆಲ್ಲ ದೊಡ್ಡಪ್ಪನ ಮುಂದೆಯೇ ಮಾತಾಡಿದೆವು. ನನಗೆ ಆ ದಿನಗಳಲ್ಲಿ ಭಯಕ್ಕಿಂತ ಕುತೂಹಲವೇ ಹೆಚ್ಚಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಇಬ್ಬರು ಸೇರಿ ಕಟ್ಟಿದ್ದನ್ನು ಬಿಚ್ಚುವಾಗ ಒಳಗಿನ ಹೊಲಿಗೆ ಕಾಣುತ್ತದೆ. ಒರಳುಕಲ್ಲು ಯಾರದು? ಅದನ್ನು ನೆಲಕ್ಕೆ ಹೂತಿದ್ದರು, ಹಾಗಾಗಿ ಮನೆಯದು. ಹಸು ಅಕ್ಕನ ಮದುವೆಯಲ್ಲಿ ಬಂದ ಹಸುವಿನ ಮೊಮ್ಮಗಳು. ಆದರೆ ತಿಂದದ್ದು ಇಲ್ಲಿಯ ಹುಲ್ಲು. ಹಾಗಾದರೆ ಅದು ಯಾರದು? “ಹಸನೇ ಕೇಳಾನ,” ಎಂದರು ದೊಡ್ಡಪ್ಪ. ಕೊನೆಗೆ ಬಾಡಿಗೆ ಮನೆಯಲ್ಲಿ ಕೊಟ್ಟಿಗೆ ಇರುವುದಿಲ್ಲ ಎಂದು ಅಕ್ಕನೇ ಹಸುವನ್ನು ಬಿಟ್ಟುಕೊಟ್ಟಳು.

ಅಕ್ಕ ಕೇಳಿದ್ದು ಒಂದೇ. ದುಡ್ಡು ಬೇಡ, ಗಿಡ ಬೇಕು. ನಮ್ಮ ಕಡೆ ತೆಂಗಿನ ತೋಟವನ್ನು ಎಕರೆಯಲ್ಲಿ ಎಣಿಸುವುದಕ್ಕಿಂತ ಗಿಡದಲ್ಲಿ ಎಣಿಸುವುದೇ ಹೆಚ್ಚು. ಐದನೇ ಕ್ಲಾಸಿನಲ್ಲಿದ್ದ ಮಗಳನ್ನು ಕಟ್ಟಿಕೊಂಡು ಶೆಟ್ಟಿಕೆರೆಯಲ್ಲಿ ಮನೆ ಮಾಡಿ, ಗಿಡದ ಕಾಯಿಯಿಂದ ಬದುಕಬೇಕು ಎನ್ನುವುದು ಅವಳ ಲೆಕ್ಕ. ಗಿಡ ಚೆನ್ನಾಗಿ ಸಿಕ್ಕರೆ ಬದುಕು ನಡೆಯುತ್ತದೆ, ಇಲ್ಲದಿದ್ದರೆ ಕೂಲಿ. ದೊಡ್ಡಪ್ಪ ತಮ್ಮನ ಮಗನ ಕಡೆ ವಾಲಲಿಲ್ಲ. ಮೂವತ್ತು ಗಿಡ ಅಕ್ಕನಿಗೆ ಮತ್ತು ಮಗಳಿಗೆ ಎಂದು ಅವರೇ ಹೇಳಿದರು. ಭಾವ ಒಪ್ಪಿದರು.

ಆಮೇಲೆ ಸಾಲದ ಮಾತು ಬಂತು. ದೊಡ್ಡಪ್ಪ ಎಲೆಯಡಿಕೆ ಹಾಕಿಕೊಂಡು ಧರ್ಮ ಹೇಳಿದರು. “ಸಂಸಾರಕ್ಕೆ ಅಂತ ಮಾಡಿರೋದು ಇಬ್ರಿಗೂ ಅರ್ಧರ್ಧ. ಅವನ ಸ್ವಂತಕ್ಕೆ ಮಾಡಿರೋದು ಅವಂದು. ಹೆಣ್ಣಿನ ತವರಿಗೆ ಏನಾರ ಹೋಗಿದ್ರೆ ಅದು ತವರಿನೋರ ತಲೆ ಮ್ಯಾಲೆ. ಏನ್ಲಾ, ಸರೀನಾ?” ಕೊನೆಯ ಮಾತನ್ನು ಅವರು ನನಗೆ ಹೇಳಿದ್ದರು. ನಾನು ತಲೆಯಾಡಿಸಿದೆ.

ಸೊಸೈಟಿಯ ಸಾಲ ಪೈಪ್‌ಲೈನಿಗೆ ಮಾಡಿದ್ದು. ಅರ್ಧರ್ಧ. ಅಕ್ಕನ ಸರ ಅಡವಿಟ್ಟು ತಂದದ್ದು ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ. ಅರ್ಧರ್ಧ. ಈ ಎರಡಕ್ಕೂ ಆ ವರ್ಷ ಅಟ್ಟದಿಂದ ಇಳಿಯುವ ಕೊಬ್ಬರಿ ಸಾಕಾಗುತ್ತಿತ್ತು. ಮೂರನೆಯದು ಮಂಡಿಯ ಮುಂಗಡ.

“ಇದು ಯಾತಕ್ಕೆ ಎತ್ತಿದ್ದು?” ಎಂದರು ದೊಡ್ಡಪ್ಪ.

ಭಾವ ತಲೆಯೆತ್ತಿ ಅಟ್ಟದ ಕಡೆ ನೋಡಿದರು. “ಮನೆ ಖರ್ಚಿಗೆ.”

“ಅಷ್ಟೊಂದಾ? ಚಿನ್ನದ ರೊಟ್ಟಿ ತಟ್ಕೊಂಡು ತಿಂದ್ರೇನ್ಲಾ?”

“ಸಂಸಾರ ಅಂದ್ಮೇಲೆ ಇರ್ತದೆ ಬುಡು ದೊಡ್ಡಪ್ಪ.”

ಆಗ ಅಕ್ಕ ಬಾಗಿಲ ಬಳಿಯಿಂದ ನನ್ನ ಕಡೆ ತಿರುಗಿ, “ನೀನೇನಂತೀಯಪ್ಪ?” ಎಂದಳು.

ಅವಳ ಕಡೆಯಿಂದ ಮಾತಾಡುವವನು ನಾನು, ಅದಕ್ಕೇ ಕೇಳುತ್ತಿದ್ದಾಳೆ ಎಂದುಕೊಂಡೆ. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೂ ತಪ್ಪು ಅರ್ಧವಾಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಸಂಸಾರದ್ದು ಅಂದ ಮೇಲೆ ಅರ್ಧ ಒಪ್ಕೊಳ್ಳೋದೇ ನ್ಯಾಯ ಕಣಕ್ಕ,” ಎಂದೆ.

ಅಕ್ಕ, “ಸರಿ,” ಎಂದು ಎದ್ದು ಒಳಗೆ ಹೋದಳು. ಮಂಡಿಯ ಸಾಲದ ಅರ್ಧ ಕೊಡಲು ಅವಳಲ್ಲಿ ದುಡ್ಡಿರಲಿಲ್ಲ. ಅದರ ಬದಲಿಗೆ ಎಂಟು ಗಿಡ ಬಿಟ್ಟುಕೊಡುವುದು, ಇಡೀ ಸಾಲ ಭಾವನೇ ತೀರಿಸಿಕೊಳ್ಳುವುದು ಎಂದಾಯಿತು. ಮೂವತ್ತು ಇಪ್ಪತ್ತೆರಡಕ್ಕೆ ಇಳಿಯಿತು. ಆ ಎಂಟು ಗಿಡ ಅಕ್ಕನ ಕೈಬಿಟ್ಟದ್ದು ನನ್ನ ಗಾಡಿಗಾಗಿ. ಅವಳಿಗೆ ಅದು ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಮಾರನೇ ದಿನ ಗಿಡ ಆರಿಸಲು ಎಲ್ಲರೂ ತೋಟಕ್ಕೆ ಹೋದೆವು. ಹಿಂದಿನ ದಿನ ಕಳೆದದ್ದನ್ನು ಇವತ್ತು ತುಂಬಿಕೊಡುತ್ತೇನೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಇಡೀ ತೋಟದಲ್ಲಿ ಮನೆಯ ಹಿಂದಿನ ಸಾಲುಗಳಷ್ಟು ಚೆಂದದ ಗಿಡ ಇರಲಿಲ್ಲ. ಬಚ್ಚಲು ಮನೆಯ ಮೋರಿ ಅವುಗಳ ಬುಡದಲ್ಲೇ ಹರಿಯುತ್ತಿತ್ತು. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಕೊಟ್ಟಿಗೆ ತೊಳೆದ ಗಂಜಲದ ನೀರು ಎಲ್ಲವೂ ಅಲ್ಲಿಗೇ. ನುಸಿ ಬಂದು ಬೇರೆ ಗಿಡಗಳೆಲ್ಲ ಸೊರಗಿದ್ದರೂ ಈ ಗಿಡಗಳ ಗರಿ ಕರ್ರಗೆ ಹಸಿರಾಗಿತ್ತು, ಗೊನೆ ಕುತ್ತಿಗೆ ಸುತ್ತ ಜೋತುಬಿದ್ದಿತ್ತು. ಬೋರ್‌ವೆಲ್ ಪಕ್ಕದ ಗಿಡಗಳು ಆ ವರ್ಷ ನೋಡಲು ಬಡವಾಗಿದ್ದವು.

“ಹಿಂದಿನ ಸಾಲು,” ಎಂದೆ. “ಬೇರೆ ಮಾತೇ ಇಲ್ಲ.”

“ಅವು ಬ್ಯಾಡ ಕಣ್ಲಾ,” ಎಂದರು ಭಾವ. “ಬೋರಿನ ಮಗ್ಗುಲಲ್ಲಿ ತಗೊಳ್ಳಿ.”

ಒಳ್ಳೆಯದನ್ನು ತಾನು ಇಟ್ಟುಕೊಳ್ಳಲು ನೋಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಅಕ್ಕನೂ, “ಬೋರಿನ ಕಡೇವೇ ಕೇಳಪ್ಪ,” ಎಂದಳು. ಗಂಡನಿಗೆ ಹೆದರಿ ಹೇಳುತ್ತಿದ್ದಾಳೆ ಎಂದುಕೊಂಡೆ. ನಾಲ್ಕು ವರ್ಷ ಮಾತಾಡದ ಇಬ್ಬರು ಒಂದೇ ಮಾತು ಹೇಳುತ್ತಿದ್ದಾರಲ್ಲ, ಯಾಕಿರಬಹುದು ಎಂದು ಒಂದು ಗಳಿಗೆ ನಿಂತು ಯೋಚಿಸಿದ್ದರೆ ಸಾಕಿತ್ತು.

“ನಿಂಗೆ ತಿಳಿಯಲ್ಲ, ಸುಮ್ಕಿರಕ್ಕ. ಗೊನೆ ನೋಡು, ಗೊನೆ.”

ನಾನು ಮಂಡಿಯಲ್ಲಿ ಕೂಗುವ ಹಾಗೆ ಕೂಗಿದೆ. ಭಾವನ ಮೇಲೆ ಹರಿಹಾಯ್ದೆ. ಹೆಣ್ಣು ಮಗಳಿಗೆ ಒಣಕಲು ಗಿಡ ಕೊಡಲು ನಾಚಿಕೆಯಾಗುವುದಿಲ್ಲವೇ ಎಂದೆ. ದೊಡ್ಡಪ್ಪ ಟವಲಿನಿಂದ ಮುಖ ಒರೆಸಿಕೊಂಡು, “ತವರು ಅಂದ್ರೆ ಹಿಂಗಿರ್ಬೇಕು ಕಣಪ್ಪ. ಕೊಟ್ಬುಡ್ಲಾ ಅತ್ಲಾಗೆ,” ಎಂದರು. ಆ ಹೊಗಳಿಕೆ ನನಗೆ ಹಿಡಿಸಿತು.

ಮತ್ತೆ ಬಂದ ಲಾಯರು ಕರಾರಿನ ಕರಡು ಓದುವಾಗ, “ಈ ಗಿಡಗಳಿಗೆ ನೀರಿನ ಹಕ್ಕು?” ಎಂದು ಕೇಳಿದರು. ನಾನೇ ಉತ್ತರ ಕೊಟ್ಟೆ. ಅವಕ್ಕೆ ಬೋರಿನ ನೀರು ಯಾವತ್ತೂ ಬಿಟ್ಟಿಲ್ಲ, ಬಚ್ಚಲ ನೀರೇ ಸಾಕು ಎಂದೆ. ಬೋರು, ಮೋಟರು ಪೂರ್ತಿ ಭಾವನದು ಎಂದು ಬರೆದರು. ಸಾಕ್ಷಿಯ ಜಾಗದಲ್ಲಿ ನಾನು ರುಜು ಹಾಕಿದೆ. ಬಚ್ಚಲ ನೀರು ಸ್ಥಿರವೋ ಚರವೋ ಎಂದು ಯಾರೂ ಕೇಳಲಿಲ್ಲ.

ಕೋರ್ಟಿನವರು ಆರು ತಿಂಗಳು ಕಾಯಲು ಹೇಳಿ ಆಮೇಲೆ ಬಿಡುಗಡೆ ಕೊಟ್ಟರು. ಅಕ್ಕ ಶೆಟ್ಟಿಕೆರೆಯ ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಸಾಮಾನು ಸಾಗಿಸಿದ್ದು ನಾನೇ. ಕೋರ್ಟು ಅವರಿಬ್ಬರನ್ನು ಬಿಡಿಸಿತು, ಇನ್ನು ಮೇಲೆ ನಾನು ಆತನನ್ನು ಏನೆಂದು ಕರೆಯಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಹಾಗಾಗಿ ಭಾವ ಎಂದೇ ಕರೆಯುತ್ತ ಬಂದೆ. ಅವರೂ ಕೊಬ್ಬರಿ ಸಾಗಿಸಲು ನನ್ನ ಗಾಡಿಯನ್ನೇ ಕರೆಯುತ್ತ ಬಂದರು.

ಮೊದಲ ವರ್ಷ ಹಿಂದಿನ ಸಾಲು ತುಂಬಾ ಕಾಯಿ ಕೊಟ್ಟಿತು. ಗೊನೆ ಆಗಲೇ ಗಿಡದ ಮೇಲಿತ್ತಲ್ಲ. “ನೋಡ್ದಾ ಅಕ್ಕ?” ಎಂದು ನಾನು ಬೀಗಿದೆ. ಅವಳು, “ಹೂಂ, ನೋಡ್ದೆ,” ಎಂದಳು. ಎರಡನೇ ಬೇಸಿಗೆಯಲ್ಲಿ ಗರಿ ಜೋತುಬಿದ್ದವು. ಎಳೆಯ ಹೀಚುಗಳು ಬುಡದ ತುಂಬ ಉದುರತೊಡಗಿದವು. ನುಸಿ ಇರಬೇಕು ಎಂದು ನಾನು ಬೇವಿನ ಎಣ್ಣೆಯ ಮಾತಾಡಿದೆ. ಬೇರಿಗೆ ಔಷಧ ಕಟ್ಟಬೇಕು ಎಂದು ಒಬ್ಬರು ಹೇಳಿದರು, ಅದನ್ನೂ ಮಾಡಿಸಿದೆ. ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಉದುರಿದ ಹೀಚು ಆರಿಸುತ್ತ ಮೋರಿಯ ಗುಂಟ ಬಂದೆ. ಮೋರಿಯ ತಳದಲ್ಲಿ ಪಾಚಿ ಒಣಗಿ, ಹಪ್ಪಳದಂತೆ ಎದ್ದು ನಿಂತಿತ್ತು. ಬಚ್ಚಲಿನ ತೂಬಿಗೆ ಕೈ ಹಾಕಿ ನೋಡಿದೆ. ಜೇಡರಬಲೆ. ಭಾವ ಒಬ್ಬರೇ ಇದ್ದರು. ದೊಡ್ಡಪ್ಪನ ಮನೆಯಲ್ಲಿ ಉಣ್ಣುತ್ತಿದ್ದರು. ಬೋರಿನ ಹತ್ತಿರವೇ ಮೈ ತೊಳೆದುಕೊಳ್ಳುತ್ತಿದ್ದರು. ಹಸುವನ್ನು ಮಾರಿಯಾಗಿತ್ತು. ನಾನು ಬಗ್ಗಿದವನು ಹಾಗೇ ಕೂತೆ. ಹದಿಮೂರು ಹದಿನಾಲ್ಕು ವರ್ಷ ಆ ಮೋರಿಯಲ್ಲಿ ಹರಿದ ನೀರನ್ನೆಲ್ಲ ಹೊತ್ತು, ಕಾಯಿಸಿ, ತೊಳೆದು ಚೆಲ್ಲಿದವಳು ಅಕ್ಕ. ಅವಳನ್ನು ಮನೆಯಿಂದ ಕಳಿಸಿ, ಅವಳ ಕೈಯ ನೀರಿನಿಂದ ಬದುಕಿದ್ದ ಗಿಡಗಳನ್ನೇ ಆರಿಸಿ ಅವಳಿಗೆ ಕೊಡಿಸಿದ್ದೆ. ಭಾವನಿಗೂ ಅದು ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಅಕ್ಕನ ಮನೆಗೆ ಹೋಗಿ, ನೀರಿನ ಹಕ್ಕಿಗಾಗಿ ದೊಡ್ಡಪ್ಪನನ್ನು ಕೂರಿಸಿ ಮತ್ತೆ ಪಂಚಾಯ್ತಿ ಮಾಡೋಣ ಎಂದೆ. “ನಾನು ಮಾತಾಡ್ತೀನಿ ಬಿಡು.”

“ನೀನು ಬ್ಯಾಡ,” ಎಂದಳು. “ನಾನೇ ಹೋಗ್ತೀನಿ. ತೋಟದಗಂಟ ಬಿಡು, ಸಾಕು.”

ಗಾಡಿಯಲ್ಲಿ ಕರೆದುಕೊಂಡು ಹೋಗಿ ತೋಟದ ಬೇಲಿಯ ಹೊರಗೆ ನಿಲ್ಲಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಆ ಮನೆಯಿಂದ ಹೊರಟ ಮೇಲೆ ಅವರಿಬ್ಬರೂ ಎದುರುಬದುರು ನಿಂತು ಮಾತಾಡಿದ್ದು ಅದೇ ಮೊದಲು. ಕೂಗಾಟ ಕೇಳಿಸುತ್ತದೆಯೋ ಎಂದು ಕಿವಿಗೊಟ್ಟು ನಿಂತಿದ್ದೆ. ಏನೂ ಕೇಳಿಸಲಿಲ್ಲ. ಒಂದು ಬೀಡಿ ಮುಗಿದು ಇನ್ನೊಂದನ್ನು ಹಚ್ಚುವಷ್ಟರಲ್ಲಿ ಅಕ್ಕ ವಾಪಸ್ಸು ಬರುತ್ತಿದ್ದಳು.

“ವಾರಕ್ಕೊಂದು ಸರ್ತಿ ನೀರು ಬಿಡ್ತಾರೆ. ಮೋಟರ್ ಸುಟ್ರೆ ಅರ್ಧ ಖರ್ಚು ನಂದು. ನಡಿ.”

“ಅಷ್ಟೇನಾ?”

“ಇನ್ನೇನು ಬೇಕಿತ್ತು?”

ಗಂಡಸರು ನಾಲ್ಕು ಸಲ ಚಾಪೆ ಹಾಸಿ ಕೂತು ಹಾಳುಮಾಡಿದ್ದನ್ನು ಅವಳು ನಿಂತ ಕಾಲಿನಲ್ಲೇ ಮುಗಿಸಿ ಬಂದಿದ್ದಳು. ಒಳಗೆ ಅವಳು ಏನು ಹೇಳಿದಳು, ಅವರು ಹೇಗೆ ಒಪ್ಪಿದರು ಎಂದು ತಿಳಿಯಲು ನಾನು ಹಾತೊರೆದೆ. ದಾರಿಯುದ್ದಕ್ಕೂ ಕೆದಕಿದೆ.

ಅವಳಿಂದ ತಿಳಿಯದದ್ದನ್ನು ಭಾವನಿಂದ ತಿಳಿಯಲು ಹೋದೆ. ಅವರ ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ಗಾಡಿಗೆ ತುಂಬುತ್ತಿದ್ದೆವು. ಕೊನೆಯ ಚೀಲ ಹಾಕಿ ಹಗ್ಗ ಬಿಗಿದ ಮೇಲೆ, ಯಾವತ್ತಿನಿಂದಲೋ ತಲೆಯಲ್ಲಿದ್ದ ಬೇರೆಯದೇ ಪ್ರಶ್ನೆ ಹೊರಗೆ ಬಂತು.

“ಭಾವ, ಆವತ್ತು ಮಂಡಿ ಸಾಲನ ಮನೆ ಖರ್ಚಿಗೆ ಅಂದ್ರಲ್ಲ, ಯಾಕೆ? ನಂದು ಅಂದಿದ್ರೆ ನಿಮಗೆ ಒಂದು ಕಾಸೂ ಬೀಳ್ತಿರ್ಲಿಲ್ಲ.”

ಅದು ನಿಜವಾಗಿಯೂ ನನಗೆ ಬಿಡಿಸಲಾಗದ ಗಂಟಾಗಿತ್ತು. ದೊಡ್ಡಪ್ಪ ಹೇಳಿದ ಧರ್ಮದ ಪ್ರಕಾರ ತವರಿಗೆ ಹೋದ ದುಡ್ಡು ತವರಿನದು. ಸತ್ಯ ಹೇಳಿದ್ದರೆ ಪೂರ್ತಿ ನನ್ನ ತಲೆಗೆ ಬರುತ್ತಿತ್ತು. ಸುಳ್ಳು ಹೇಳಿ ಅವರು ಅರ್ಧ ತಾವೇ ಹೊತ್ತುಕೊಂಡಿದ್ದರು. ನನ್ನ ಮಾನ ಉಳಿಸಲೋ, ನನ್ನನ್ನು ಅಂಕೆಯಲ್ಲಿ ಇಟ್ಟುಕೊಳ್ಳಲೋ ಎಂದು ನಾನು ಎರಡು ವರ್ಷ ಯೋಚಿಸಿದ್ದೆ.

ಭಾವ ಬೆವರು ಒರೆಸಿಕೊಂಡರು. “ನಾನೇನು ಸುಳ್ಳು ಹೇಳಿದ್ನಾ? ತಮ್ಮಂಗೆ ಗಾಡಿ ಕೊಡ್ಸಿ ಅಂತ ನಿಮ್ಮಕ್ಕನೇ ಹೇಳಿದ್ದು.”

“ಅಕ್ಕನಾ?”

“ಮಗಳ ಕೈಲಿ ಹೇಳಿ ಕಳಿಸ್ಲಿಲ್ಲ. ಅದೊಂದು ಮಾತ ಎದ್ರಿಗೆ ನಿಂತು ಕೇಳಿದ್ಲು ಕಣ್ಲಾ. ಅದಕ್ಕೇ ಕೊಟ್ಟೆ. ಆ ನಾಲ್ಕು ವರ್ಸದಲ್ಲಿ ನಾವಿಬ್ರೂ ಸೇರಿ ಮಾಡಿದ್ದು ಅಂದ್ರೆ ಅದೊಂದೇಯ. ಅದನ್ನ ಸಂಸಾರದ್ದು ಅನ್ನದೆ ಇನ್ನೇನನ್ನಲಿ?” ಎಂದು, ಟವಲು ಹೆಗಲಿಗೆ ಹಾಕಿಕೊಂಡು, “ನೀನು ಬಾಯಿ ಬಿಡ್ತೀಯ ಅಂದ್ಕೊಂಡಿದ್ದೆ. ಬಿಟ್ಟೆ, ಆದ್ರೆ ಬ್ಯಾರೆ ಥರ,” ಎಂದರು. ಬಯ್ಯುವ ದನಿ ಇರಲಿಲ್ಲ. ಗಾಡಿಯ ಹಗ್ಗವನ್ನು ಇನ್ನೊಂದು ಸಲ ಎಳೆದು ನೋಡಿ, “ಹೊರಡು, ಮಂಡಿಗೆ ಹೊತ್ತಾಯ್ತದೆ,” ಎಂದರು.

ತಿಪಟೂರಿನವರೆಗೆ ಗಾಡಿ ಹೇಗೆ ಓಡಿಸಿದೆನೋ. ಅಕ್ಕನಿಗೆ ಎಲ್ಲವೂ ಮೊದಲಿನಿಂದಲೇ ಗೊತ್ತಿತ್ತು. “ನೀನೇನಂತೀಯಪ್ಪ?” ಎಂದು ಅವಳು ಕೇಳಿದ್ದು ತನ್ನ ಕಡೆಯವನಾಗಿ ವಾದ ಮಾಡಲಿ ಎಂದಲ್ಲ. ನನಗೆ ಬಾಗಿಲು ತೆಗೆದುಕೊಟ್ಟಿದ್ದಳು.

ಮಂಡಿಯಲ್ಲಿ ಲೋಡು ಇಳಿಸಿ ನೇರವಾಗಿ ಶೆಟ್ಟಿಕೆರೆಗೆ ಬಂದೆ. ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ರವಿಕೆಗೆ ಹೆಮ್ಮಿಂಗ್ ಹಾಕುತ್ತಿದ್ದಳು. ಗಿಡ ಸೊರಗಿದ ವರ್ಷ ಕೂಲಿಗೆ ಹೋಗದಿರಲು ಆ ಕೆಲಸ ಹಿಡಿದಿದ್ದಳು.

“ನಿಂಗೆ ಗೊತ್ತಿತ್ತಾ ಗಾಡಿ ದುಡ್ಡಿಂದು?”

“ಯಾರಂದ್ರು?”

“ಭಾವ.”

“ಹೂಂ,” ಎಂದಳು. ಸೂಜಿ ಬಟ್ಟೆಯಲ್ಲೇ ನಿಂತಿತು. “ನೀನು ಕೆಮ್ಮಿ ಗಂಟಲು ಸರಿಮಾಡ್ಕೊಂಡೆ ನೋಡು, ಆಗ ಅಂದ್ಕೊಂಡೆ, ಹೇಳ್ತಾನೆ ಈಗ ಅಂತ.”

“ಹೇಳಿಬಿಡ್ಬೇಕಿತ್ತು ಅಕ್ಕ.”

“ಹೂಂ.”

“ನೀನಾದ್ರೂ ಹೇಳ್ಬೋದಿತ್ತಲ್ಲ. ಇದು ನಮ್ಮ ತಮ್ಮಂದು, ಅವನೇ ತೀರಿಸ್ತಾನೆ ಅಂತ.”

ಹೀಗೆ ಕೇಳಿದೆನಲ್ಲ ಎಂದು ನನಗೆ ಈಗಲೂ ಅಸಹ್ಯವಾಗುತ್ತದೆ. ಅಷ್ಟಾದ ಮೇಲೂ ತಪ್ಪಿನ ಒಂದು ತುದಿಯನ್ನು ಅವಳ ಕೈಗೆ ಕೊಡಲು ನೋಡಿದ್ದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. “ಆ ಮನೇಲಿ ನಂಗೆ ತವರು ಅಂತ ಉಳಿದಿದ್ದು ನೀನೊಬ್ಬ. ಅವರೆದುರಿಗೆ ನಿನ್ನ ಮರ್ಯಾದೆ ನಾನೇ ತೆಗೀಲಾ?” ಎಂದಳು. “ಎಂಟು ಗಿಡ ಹೋದ್ರೆ ಹೋಯ್ತು. ಆದ್ರೆ ಮಾರನೇ ದಿನ ತೋಟದಲ್ಲಿ ನೀನು ಅಷ್ಟು ಕೂಗಾಡಿದ್ಯಲ್ಲ, ಅದು ಯಾರಿಗೋಸ್ಕರ ಅಂತ ಇವತ್ತಿಗೂ ಕೇಳ್ಕೋತೀನಿ ಕಣ್ಲಾ.”

ಉತ್ತರ ಅವಳಿಗೂ ಗೊತ್ತಿತ್ತು.

ದುಡ್ಡು ತೀರಿಸಿದೆ, ಅದನ್ನೂ ಹೇಳಬೇಕು. ಅಕ್ಕನ ಪಾಲಿನ ಅರ್ಧವನ್ನು ಎರಡು ಕಂತಿನಲ್ಲಿ ಕೊಟ್ಟೆ. ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅವಳು ಬೇಡ ಎನ್ನಲಿಲ್ಲ. ತೆಗೆದುಕೊಂಡು ಒಳಗೆ ಇಟ್ಟು ಬಂದು, “ಊಟ ಮಾಡ್ಕೊಂಡು ಹೋಗು,” ಎಂದಳು. ಭಾವನ ಅರ್ಧವನ್ನು ಕೊಬ್ಬರಿ ಬಾಡಿಗೆಯಲ್ಲಿ ಮುರಿದುಕೊಳ್ಳಿ ಎಂದೆ, ಅವರೂ ಒಪ್ಪಿದರು. ಆ ಎಂಟು ಗಿಡ ಮಾತ್ರ ಬರೆದುಕೊಟ್ಟಾಗಿತ್ತು, ಹಿಂದಕ್ಕೆ ಬರಲಿಲ್ಲ. ಹಿಂದಿನ ಸಾಲಿಗೆ ವಾರಕ್ಕೊಮ್ಮೆ ಬೋರಿನ ನೀರು ಸಿಕ್ಕಿ ಗರಿ ಮತ್ತೆ ಎದ್ದವು. ಮೊದಲಿನಷ್ಟು ಕಾಯಿ ಇಲ್ಲ. ಕಾಯಿ ಮತ್ತು ಹೊಲಿಗೆ ಸೇರಿ ಅಕ್ಕನ ಮನೆ ನಡೆಯಿತು.

ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಉಪ್ಪಿನಕಾಯಿ ಕಟ್ಟಿಕೊಡುತ್ತಾಳೆ, ನನ್ನ ಹೆಂಡತಿಯ ಮುಂದೆ ನನ್ನನ್ನು ಬಯ್ಯುತ್ತಾಳೆ. ಎಷ್ಟೋ ವರ್ಷದ ಮೇಲೆ ಅವಳ ಮಗಳಿಗೆ ಗಂಡು ಗೊತ್ತಾಗಿ, ಕೊಡುವುದು ಬಿಡುವುದು ಮಾತಾಡಲು ಹಾಲ್ಕುರಿಕೆ ಕಡೆಯಿಂದ ಗಂಡಿನವರು ಬಂದರು. ಸೋದರಮಾವನಿಲ್ಲದೆ ನಮ್ಮಲ್ಲಿ ಅಂಥ ಮಾತು ನಡೆಯುವುದಿಲ್ಲ. ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬೆಳಿಗ್ಗೆಯೇ ಹೋಗಿದ್ದೆ. ಭಾವನೂ ಬಂದು ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಗಂಡಿನವರಿಗೆ ನೀರು ಕೊಟ್ಟು ಬಂದು ನನ್ನ ಹತ್ತಿರ ಬಗ್ಗಿ, “ಧಾರೆ ದಿನ ಮಗಳನ್ನ ಕೈ ಹಿಡ್ಕೊಂಡು ಕರ್ಕೊಂಡು ಬರೋನು ನೀನೇಯ. ಈಗ ಒಸಿ ಕಾಫಿಗೆ ಹಾಲು ತತ್ತೀಯಾ?” ಎಂದಳು.

ಹಾಲು ತಂದೆ. ವಾಪಸ್ಸು ಬಂದಾಗ ಮಾತು ಶುರುವಾಗಿತ್ತು. ಚಾಪೆಯ ಮೇಲೆ ಗಂಡಿನವರ ಎದುರಿಗೆ, ನ್ಯಾಯವಾಗಿ ನಾನು ಕೂರಬೇಕಾದ ಜಾಗದಲ್ಲಿ ಅಕ್ಕ ಕೂತಿದ್ದಳು. ಹಾಲನ್ನು ಅಡಿಗೆಮನೆಯಲ್ಲಿ ಇಟ್ಟೆ. ಒಲೆ ಹಚ್ಚಿ, ಎಷ್ಟು ಲೋಟ ಬೇಕು ಎಂದು ಬಾಗಿಲಿನಿಂದ ಇಣುಕಿ ತಲೆ ಎಣಿಸಿಕೊಂಡೆ.